ತಾಡಪತ್ರಿಯ ಮೇಲೆ ಬಂಟ್ಯಾ

ಬ್ಯಾಡಗಿ
ಭಾನುವಾರ, 13 ಜುಲೈ 2025

ಪ್ರೀತಿಯ ಸುರೇಖಾ,

ನಿನ್ನ ಅವ್ವನ ಆಶೀರ್ವಾದ. ಆರೋಗ್ಯ ಹೇಗಿದೆ, ಮಳೆ ಆಯಿತೇ ಎಂಬುದೆಲ್ಲ ಫೋನಿನಲ್ಲೇ ಮುಗಿದಿದೆ, ಇಲ್ಲಿ ಮತ್ತೆ ಬರೆಯುವುದಿಲ್ಲ. ಬಂಟ್ಯಾನ ಹೆಸರು ಎತ್ತಿದ ಕೂಡಲೇ ನೀನು ಫೋನ್ ಇಟ್ಟುಬಿಡುತ್ತೀ. ಅದಕ್ಕೇ ಈ ಕಾಗದ. ಸಿಟ್ಟಿನಿಂದ ಮಡಚಿಟ್ಟರೂ ಮತ್ತೆ ತೆಗೆದು ಓದುತ್ತೀ, ನಿನ್ನ ಸ್ವಭಾವ ನನಗೆ ಗೊತ್ತಿಲ್ಲವೇ? ಜೊತೆಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಮ್ಮಗ ಮಧುಗೆ ಪಂಚಮಿಗೆಂದು ಒಂದು ಅಂಗಿ ಇಟ್ಟಿದ್ದೇನೆ. ಅಂಗಿ ಅವನಿಗೆ ಸರಿಯಾಗುತ್ತದೆ, ತೊಡಿಸಿ ನೋಡು.

ವಿಷಯ ಇಷ್ಟೇ. ಬಂಟ್ಯಾನನ್ನು ಶಾಲೆಗೆ ಸೇರಿಸಿದ್ದೇನೆ. ನಗುವುದಿದ್ದರೆ ನಗು, ಓಣಿಯವರೆಲ್ಲ ಆಗಲೇ ನಕ್ಕು ಮುಗಿಸಿದ್ದಾರೆ. ಪಕ್ಕದ ಮನೆಯ ರೇಣುಕವ್ವನಂತೂ ಗೋಡೆಯ ಮೇಲಿಂದ ಇಣುಕಿ, "ಪ್ರೇಮಕ್ಕಾ, ನಾಯಿನ್ನ ಸಾಲಿಗೆ ಹಾಕೀಯಂತ, ಪಾಟಿಚೀಲಾ ಎಲ್ಲೈತಿ?" ಎಂದು ಕೇಳಿದಳು. ರಾಣೇಬೆನ್ನೂರಿನಲ್ಲಿ ಕೋಳಿ, ನಾಯಿಗಳ ಆಹಾರದ ಅಂಗಡಿ ಇಟ್ಟಿರುವ ಸಲಾವುದ್ದೀನ ಎಂಬವರು ಪ್ರತಿ ಭಾನುವಾರ ಬೆಳಿಗ್ಗೆ ಒಂದು ಮೈದಾನದಲ್ಲಿ ನಾಯಿಗಳನ್ನೂ ಮಾಲೀಕರನ್ನೂ ಒಟ್ಟಿಗೆ ಸೇರಿಸಿ ಪಾಠ ಹೇಳುತ್ತಾರೆ. ಮನೆಯಲ್ಲಿ ಮಾತು ಕೇಳಿದರೆ ಸಾಲದು, ನಾಲ್ಕು ಜನ, ನಾಲ್ಕು ನಾಯಿ ಇರುವಲ್ಲಿ ಕೇಳಬೇಕು ಎನ್ನುವುದು ಅವರ ಲೆಕ್ಕ.

ಫೆಬ್ರುವರಿಯಲ್ಲಿ ನಡೆದದ್ದನ್ನು ನಾನು ಮರೆತಿದ್ದೇನೆ ಎಂದು ತಿಳಿಯಬೇಡ. ಅಂಗಳದಲ್ಲಿ ಪ್ಲಾಸ್ಟಿಕ್ ತಾಡಪತ್ರಿ ಹಾಸಿ ಮೆಣಸಿನಕಾಯಿ ಒಣಗಲು ಹರವಿದ್ದೆವು. ಮಧು ಅಂಬೆಗಾಲಿಡುತ್ತ ಆ ಕಡೆ ಹೊರಟ. ಬಂಟ್ಯಾ ಗುರ್ರೆಂದು ಬಂದು ಅವನನ್ನು ಕೆಡವಿದ. ಹಣೆ ಒರಳುಕಲ್ಲಿಗೆ ಬಡಿದು ರಕ್ತ ಬಂತು. ನಾಯಿ ಕಚ್ಚಿತು ಎಂದು ಎಲ್ಲರಿಗಿಂತ ಮೊದಲು ಕೂಗಿದವಳು ನಾನೇ. ಹಲ್ಲಿನ ಗುರುತಿಲ್ಲ ಎಂದು ಡಾಕ್ಟರು ಹೇಳಿದರೂ ಸೂಜಿ ಹಾಕಿಸಿದೆವು. ಅದೇ ಸಂಜೆ ನೀನು, "ಈ ನಾಯಿ ಇರೋಮಟಾ ನಾ ಈ ಮನೀ ಹೊಸ್ತಿಲಾ ತುಳ್ಯಂಗಿಲ್ಲ" ಎಂದು ಹಾವೇರಿಯ ಬಸ್ಸು ಹತ್ತಿದೆ. ನಿನ್ನ ಜಾಗದಲ್ಲಿ ನಾನಿದ್ದರೂ ಹಾಗೆಯೇ ಮಾಡುತ್ತಿದ್ದೆ. ಆದರೆ ಮಗಳು ಬಾರದ ಪಂಚಮಿ ನನಗೆ ಬೇಡ. ನಾಯಿಯನ್ನು ಓಡಿಸುವುದಕ್ಕೂ ಮನಸ್ಸು ಬಾರದು. ನಿಮ್ಮಪ್ಪ ಅವನನ್ನು ಐರಣಿಯ ತಂಗಿಯ ಮನೆಗೆ ಬಿಟ್ಟುಬರುತ್ತೇನೆಂದು ಹಗ್ಗ ಹಿಡಿದು ಹೋದವರು, ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿದು ಅವನಿಗೊಂದು ಬನ್ನು ತಿನ್ನಿಸಿ ವಾಪಸು ಬಂದರು. ಅವರಿಂದ ಆಗದು ಎಂದು ಗೊತ್ತಾದ ಮೇಲೆ ನಾನೇ ಟೊಂಕ ಕಟ್ಟಿದೆ.

ಬಸ್ಸಿನಲ್ಲಿ ನಾಯಿ ಹತ್ತಿಸುವುದಿಲ್ಲ. ಮೆಣಸಿನಕಾಯಿ ಚೀಲ ಸಾಗಿಸುವ ಗೂಡ್ಸ್ ಗಾಡಿಯಲ್ಲಿ ಹೋದೆವು. ಅಲ್ಲಿ ಬಂದಿದ್ದವೆಲ್ಲ ಸಾಬೂನು ಹಚ್ಚಿ ಮೀಯಿಸಿದ ನಾಯಿಗಳು, ಒಂದೊಂದಕ್ಕೂ ಒಂದೊಂದು ಇಂಗ್ಲಿಷ್ ಹೆಸರು. ನಮ್ಮವನು ಚೀಲದ ಘಾಟನ್ನೆಲ್ಲ ಮೈಗೆ ಬಳಿದುಕೊಂಡು ಇಳಿದ. ಪಕ್ಕದಲ್ಲಿದ್ದ ಚಪ್ಪಟೆ ಮೂತಿಯ ನಾಯಿ ಸೀನಲು ಶುರುಮಾಡಿತು. ಅದರ ಹಿಂದೆ ಇನ್ನೊಂದು. ಅದರ ಒಡತಿಯೂ ಸೀನಿದಳು. ಸಲಾವುದ್ದೀನರು ಮೂಗಿಗೆ ಕರವಸ್ತ್ರ ಹಿಡಿದು, "ಅವ್ವಾರ, ಮುಂದಿನ ಸಲ ಒಂದ್ ಬಕೀಟ ನೀರ ಹಾಕ್ಕೊಂಡ ಬರ್ರಿ ಇವಂಗ" ಎಂದರು.

ಕುಳಿತುಕೊಳ್ಳುವುದು, ನಿಲ್ಲುವುದು, ಕರೆದರೆ ಬರುವುದು, ಇವೆಲ್ಲ ಬಂಟ್ಯಾನಿಗೆ ಬೇಗನೆ ಬಂದವು. ಪೇಚಾಟ ಶುರುವಾದದ್ದು ತಾಡಪತ್ರಿ ಹಾಸಿದಾಗ. ಎಲ್ಲ ನಾಯಿಗಳೂ ಅದರ ಮೇಲೆ ಹೋಗಿ ಸುಮ್ಮನೆ ಕೂರಬೇಕು. ನಮ್ಮವನು ಒಂದು ಕಾಲನ್ನೂ ಇಡಲಿಲ್ಲ. ಅಂಚಿನುದ್ದಕ್ಕೂ ಸುತ್ತು ಹೊಡೆದು ಮೂಲೆಯಲ್ಲಿ ಕುಳಿತ. ಆ ಚಪ್ಪಟೆ ಮೂತಿಯದು ಹತ್ತಿತೋ ಇಲ್ಲವೋ, ಗುರ್ರೆಂದು ಹೋಗಿ ಭುಜ ಕೊಟ್ಟು ಆಚೆಗೆ ತಳ್ಳಿದ. ತಳ್ಳಿ ಅಲ್ಲೇ ನಿಂತು ನನ್ನ ಮುಖ ನೋಡಿ ಬಾಲ ಅಲ್ಲಾಡಿಸಿದ, ಶಾಬಾಸ್ ಅನ್ನಲಿ ಎಂಬಂತೆ.

ಆ ನಾಯಿಯ ಒಡತಿ ನನಗೆ ಬೈಯುತ್ತಲೇ ಇದ್ದಳು. ನನ್ನ ಕಿವಿಗೆ ಏನೂ ಬೀಳಲಿಲ್ಲ. ಮರಿಯಿದ್ದಾಗಿನಿಂದ ಅವನಿಗೆ ನಾವು ಕಲಿಸಿದ್ದು ಇದನ್ನೇ ಅಲ್ಲವೇ? ತುಳಿದರೆ ಕಾಯಿ ಒಡೆಯುತ್ತದೆ ಎಂದು ಅವನು ಕಾಲಿಟ್ಟಾಗಲೆಲ್ಲ ನಿಮ್ಮಪ್ಪ ಟವೆಲ್ಲಿನಿಂದ ಬಾರಿಸುತ್ತಿದ್ದರು. ಆಡು ಬಂದರೆ ಹೀಗೆಯೇ ಭುಜ ಕೊಟ್ಟು ತಳ್ಳುತ್ತಿದ್ದ, ನೀನೂ ನಾನೂ ರೊಟ್ಟಿ ಮುರಿದು ಹಾಕುತ್ತಿದ್ದೆವು. ಅವತ್ತು ಅವನ ಕಣ್ಣಿಗೆ ಮಧುವೂ ಒಂದು ಆಡು. ನಿನ್ನ ಮಗನನ್ನು ಖಾರದಿಂದ ಕಾಪಾಡಿದ ಎಂದು ನಾನು ಬಣ್ಣ ಕಟ್ಟಿ ಹೇಳುವುದಿಲ್ಲ. ಅವನು ಕಾಪಾಡಿದ್ದು ಮೆಣಸಿನಕಾಯಿಯನ್ನು. ಆದರೆ ಕಚ್ಚಲಿಲ್ಲ ಸುರೇಖಾ. ಮೈದಾನದಲ್ಲಿ ನಿಂತು ನನಗೆ ಅಳು ಬಂತು.

ಅಲ್ಲಿಂದ ಮುಂದೆ ದಿನವೂ ಮನೆಯಲ್ಲಿ ಖಾಲಿ ತಾಡಪತ್ರಿ ಹಾಸಿ ನಾನೇ ಅದರ ಮೇಲೆ ಕಾಲು ಚಾಚಿ ಕುಳಿತೆ. ನಿಮ್ಮಪ್ಪನನ್ನೂ ಕೂರಿಸಿದೆ. ಚಹಾ, ಊಟ, ಪೇಪರು ಓದುವುದು ಎಲ್ಲ ಅಲ್ಲೇ. ಅವನು ಸುತ್ತಲೂ ಓಡಾಡಿ ಕುಂಯ್‌ಗುಟ್ಟುತ್ತಿದ್ದ. "ಇರ್ಲಿ ಬಿಡು, ಬಾ" ಎಂದು ಕರೆಯುತ್ತಿದ್ದೆ. ಒಂದು ದಿನ ಮುಂಗಾಲು ಇಟ್ಟು, ಟವೆಲ್ಲು ಎಲ್ಲಿದೆ ಎಂದು ನಿಮ್ಮಪ್ಪನ ಹೆಗಲು ನೋಡಿದ. ಆವತ್ತಿನಿಂದ ಅವರು ಮನೆಯಲ್ಲಿ ಹೆಗಲಿಗೆ ಟವೆಲ್ಲು ಹಾಕುವುದನ್ನೇ ಬಿಟ್ಟಿದ್ದಾರೆ. ಎಪ್ಪತ್ತರ ಹತ್ತಿರ ಬಂದ ಮನುಷ್ಯನಿಗೂ ಶಾಲೆ ಹಿಡಿಯಿತು ನೋಡು.

ಇವತ್ತು ಬೆಳಿಗ್ಗೆ ಮೈದಾನದಲ್ಲಿ ಬಂಟ್ಯಾ ಉಳಿದ ನಾಯಿಗಳ ಜೊತೆ ತಾಡಪತ್ರಿಯ ಮೇಲೆ ಮಲಗಿದ್ದ. ಹಗ್ಗ ನನ್ನ ಕೈಯಲ್ಲೇ ಇತ್ತು. ಅಲ್ಲಿಗೆ ಬಂದಿದ್ದ ಒಂದು ಕೂಸು, ಹೊಸದಾಗಿ ನಡೆಯಲು ಕಲಿತದ್ದು, ಅಪ್ಪನ ಕೈ ಬಿಡಿಸಿಕೊಂಡು ನೇರ ತಾಡಪತ್ರಿಯ ಮೇಲೆ ಓಡಿಬಂತು. ಬಂಟ್ಯಾ ಎದ್ದು ನಿಂತ. ನಾನು ಹಗ್ಗವನ್ನು ಮುಂಗೈಗೆ ಸುತ್ತಿಕೊಂಡೆ. ಆದರೂ ಹಗ್ಗ ಜಗ್ಗದೆ, "ಇರ್ಲಿ ಬಿಡು" ಎಂದೆ. ನನ್ನನ್ನು ನೋಡಿದ, ಕೂಸನ್ನು ನೋಡಿದ, ಮತ್ತೆ ಮಲಗಿದ. ಕೂಸು ತನ್ನ ಕೈಯಲ್ಲಿದ್ದ ಬಿಸ್ಕೀಟನ್ನು ಅವನ ಮೂಗಿಗೆ ಒತ್ತಿತು. ಅದನ್ನೂ ಅವನು ನಾನು ಹೇಳುವವರೆಗೆ ತಿನ್ನಲಿಲ್ಲ.

ನೀನು ಬಾ. ನೀನಿರುವಷ್ಟು ದಿನ ಅವನನ್ನು ಹಿತ್ತಲಲ್ಲಿ ಕಟ್ಟುತ್ತೇನೆ, ಒರಳುಕಲ್ಲನ್ನೂ ಆಚೆ ಸರಿಸಿದ್ದೇವೆ. ಕಣ್ಣಾರೆ ನೋಡಿ, ಬೇಡ ಎನಿಸಿದರೆ ಹೇಳು. ಈ ಸಲ ನಾನೇ ಐರಣಿಗೆ ಕರೆದುಕೊಂಡು ಹೋಗುತ್ತೇನೆ, ಬಸ್ ಸ್ಟ್ಯಾಂಡಿನಿಂದ ವಾಪಸು ಬರುವುದಿಲ್ಲ. ನಿನ್ನ ಅತ್ತೆ ಸುಶೀಲವ್ವನವರಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ದಾರಿ ಕಾಯುವ
ಅವ್ವ
ಪ್ರೇಮವ್ವ

ತಾ.ಕ.: ಐದು ತಿಂಗಳಿಂದ ಮೊಮ್ಮಗನನ್ನು ನೋಡದ ಅವ್ವನಿಗೆ ಅಂಗಿಯ ಅಳತೆ ಹೇಗೆ ಗೊತ್ತಾಯಿತು ಎಂದು ನೀನು ಕೇಳಿಯೇ ಕೇಳುತ್ತೀ. ಪ್ರತಿ ಭಾನುವಾರ ಅಳಿಯಂದಿರು ಅವನನ್ನು ರಾಣೇಬೆನ್ನೂರಿನ ತಮ್ಮ ಅಕ್ಕನ ಮನೆಗೆ ಕರೆದುಕೊಂಡು ಹೋಗುತ್ತಾರೆ ಅಂದಿದ್ದೆಯಲ್ಲ, ಹೋಗುವ ಮುಂಚೆ ಮೈದಾನದ ಹತ್ತಿರ ಗಾಡಿ ನಿಲ್ಲಿಸಿ ನನಗೆ ದೂರದಿಂದ ಅವನ ಮುಖ ತೋರಿಸುತ್ತಿದ್ದರು. ಇವತ್ತು ಕೈ ಬಿಡಿಸಿಕೊಂಡು ಓಡಿಬಂದದ್ದು ನಮ್ಮ ಮಧುವೇ. ಅಳಿಯಂದಿರಿಗೆ ಏನೂ ಅನ್ನಬೇಡ. ಬೈಯುವುದಿದ್ದರೆ ನನಗೆ ಬೈ, ಪಂಚಮಿಗೆ ಇಲ್ಲಿಗೇ ಬಂದು ಬೈ.