ಫಿರಂಗಿಯ ಮೂರು ಚೂರು

ಫೌಂಡ್ರಿ ಹಿಂದಿನ ಬೀದಿ
ಭಾನುವಾರ, ಹನ್ನೊಂದನೇ ತಾರೀಖು

ಪ್ರೀತಿಯ ಅಣ್ಣನಿಗೆ,

ಮಂಡಿನೋವು ಹೇಗಿದೆ? ಅತ್ತಿಗೆಯ ಬಿ.ಪಿ. ಇಳಿದಿದೆಯೇ? ನಾವು ಸೌಖ್ಯ. ನೀನು ಕಾಗದ ಬರೆದು ಎರಡು ವರ್ಷವಾಯಿತು. ಬರೆಯಲು ಏನೂ ಇರಲಿಲ್ಲವೆಂದುಕೊಂಡಿದ್ದೇನೆ. ನನಗೆ ಇದೆ.

ನನ್ನ ಹುಚ್ಚು ನಿನಗೆ ಗೊತ್ತಲ್ಲ, ಲೋಹ ಹುಡುಕುವ ಯಂತ್ರ ಹಿಡಿದು ಹೊಳೆದಂಡೆ ಸುತ್ತುವುದು. ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದನಂತೆ ಎನ್ನುತ್ತಾಳೆ ಇವಳು. ಹೋದ ತಿಂಗಳು ಕಬ್ಬಿಣದ ಮೂರು ಚೂರು ಸಿಕ್ಕವು. ಹಳೆಯ ಪೈಪೆಂದುಕೊಂಡೆ. ತೊಳೆದು ಜೋಡಿಸಿದರೆ ಗೋಡೆ ನಾಲ್ಕು ಬೆರಳು ದಪ್ಪ, ಪಕ್ಕದಲ್ಲಿ ಗಾಡಿಯ ಮೇಲೆ ಕೂರಿಸಲು ಮೋಟು ಗೂಟ. ನೀರಿನ ಪೈಪಿಗೆ ಅಷ್ಟು ಕಬ್ಬಿಣ ಯಾರು ಸುರಿಯುತ್ತಾರೆ? ಮ್ಯೂಸಿಯಂ ಅಧಿಕಾರಿ ಬಂದು ನೋಡಿ ಫಿರಂಗಿಯೇ ಎಂದರು. ಮದ್ದು ಹೆಚ್ಚು ತುಂಬಿ ಸಿಡಿಸಿದ್ದಾರೆ, ಹೊಡೆದವನದೇ ತಪ್ಪು ಎಂದು ಬರೆದುಕೊಂಡರು.

ನಾನು ಹಾಗಲ್ಲವೆಂದೆ. ಒಡೆದ ಕಡೆ ಹೆಬ್ಬೆರಳು ಹೋಗುವಷ್ಟು ದೊಡ್ಡ ಗುಳ್ಳೆಯಿತ್ತು, ಎರಕದಲ್ಲಿ ಗಾಳಿ ಸಿಕ್ಕಿಕೊಂಡು ಆದ ಟೊಳ್ಳು. ಅದರ ಬಾಯಿಗೆ ಬೇರೆ ಕಬ್ಬಿಣದ ಬಿರಡೆ ಬಡಿದು, ಅರದಿಂದ ಉಜ್ಜಿ ಸಮ ಮಾಡಿದ್ದರು. ಎರಕ ಹೊಯ್ದವನಿಗೆ ಗೊತ್ತಿತ್ತು, ಬೆಂಕಿ ಇಟ್ಟವನಿಗೆ ಗೊತ್ತಿರಲಿಲ್ಲ. "ನಿಮಗೆ ಇದು ಹೇಗೆ ಗೊತ್ತಾಯ್ತು?" ಎಂದು ಅಧಿಕಾರಿ ಕೇಳಿದರು. ಫೌಂಡ್ರಿಯಲ್ಲಿದ್ದೆ ಎಂದಷ್ಟೇ ಹೇಳಿದೆ.

ಫೌಂಡ್ರಿಯಲ್ಲಿ ನಾವು ಹೊಯ್ದ ಆ ಸಿಲಿಂಡರನ್ನು ನೀನು ಮರೆತಿರಬಹುದು. ನೀನು ಸೂಪರ್‌ವೈಸರ್, ನಾನು ಅಚ್ಚು ಕಟ್ಟುವವನು. ನಾನು ಗುಳ್ಳೆ ತೋರಿಸಿದಾಗ ನೀನು "ಬಿರಡೆ ಹೊಡೆದು ಉಜ್ಜಿಬಿಡೋ, ಕಂಡರೆ ತಾನೇ?" ಎಂದೆ. ನಾನು ಉಜ್ಜಿದೆ. ಒತ್ತಡ ಹಾಕಿ ಪರೀಕ್ಷಿಸುವಾಗ ಅದು ಅಲ್ಲೇ ಸಿಡಿದು ಫಿಟ್ಟರ್ ಸತ್ತ. ವಾಲ್ವು ಹೆಚ್ಚು ತಿರುಗಿಸಿದ, ಅವನದೇ ತಪ್ಪು ಎಂದು ನೀನು ವರದಿ ಬರೆದೆ. ಸಾಕ್ಷಿಯ ಸಹಿ ನನ್ನದು. ನೀನು ಮ್ಯಾನೇಜರಾಗಿ ಊರು ಬಿಟ್ಟೆ. ನಾನು ಇಲ್ಲೇ ಇದ್ದು, ಅವನ ಹೆಂಡತಿ ಎದುರಾದಾಗಲೆಲ್ಲ ಮೂವತ್ತು ವರ್ಷ ರಸ್ತೆಯ ಆಚೆ ಬದಿಗೆ ಸರಿದೆ. ನಿನ್ನ ಮೇಲೆ ಎಷ್ಟು ಸಿಟ್ಟಿದೆಯೋ ನನ್ನ ಮೇಲೂ ಅಷ್ಟೇ ಇದೆ, ಅಣ್ಣ. ನೀನಾದರೂ ದೂರ ಇದ್ದು ಬಚಾವಾದೆ.

ಅತ್ತಿಗೆಗೆ ನಮಸ್ಕಾರ, ಮೊಮ್ಮಕ್ಕಳಿಗೆ ಆಶೀರ್ವಾದ. ಮಂಡಿಗೆ ಬಿಸಿನೀರಿನ ಶಾಖ ಕೊಟ್ಟುಕೋ.

ನಿನ್ನ ತಮ್ಮ

ವಿ.ಸೂ.: ನಿನ್ನೆ ಗುಳ್ಳೆಯಿದ್ದ ಚೂರನ್ನು ಚೀಲದಲ್ಲಿ ಹಾಕಿಕೊಂಡು ಫಿಟ್ಟರನ ಹೆಂಡತಿಯ ಮನೆಗೆ ಹೋಗಿ ಎಲ್ಲ ಹೇಳಿದೆ. ಆಕೆ ಬೈಯಲಿಲ್ಲ. "ಅಪ್ಪ ಬೇಜವಾಬ್ದಾರಿ ಮನುಷ್ಯ ಅಂತ ನನ್ನ ಮಗ ಬೈಕೊಂಡೇ ಬೆಳೆದ" ಎಂದರು. ಮಗ ಈಗ ನಿನ್ನ ಊರಿನಲ್ಲೇ ಇದ್ದಾನೆ. ನಿನ್ನ ವಿಳಾಸ ಕೊಟ್ಟಿದ್ದೇನೆ. ಈ ಕಾಗದಕ್ಕಿಂತ ಮೊದಲೇ ಅವನು ಬಂದಿರಬಹುದು.