ತೌಡಿಗೆ ಮಾರಿದ ಕೂಸು

ಗಂಗಾವತಿ,
ಮಂಗಳವಾರ, 13-2-1940

ನನ್ನ ಯಜಮಾನರಿಗೆ, ಕಳಕಮ್ಮನ ಶರಣಾರ್ಥಿ.

ನಿಮ್ಮ ಕಾಗದ ಶನಿವಾರ ಮುಟ್ಟಿತು. ಕೂಸನ್ನು ನಿನ್ನೆ ಸೋಮವಾರ ತೊಟ್ಟಿಲಿಗೆ ಹಾಕಿದೆವು. ನೀವು ಬರೆದಂತೆ ಆಗಲಿಲ್ಲ. ನಿಮ್ಮ ಮಗಳ ಹೆಸರು ಸುಲೋಚನಾ ಅಲ್ಲ, ಪಕ್ಕೀರವ್ವ. ಸೂಲಗಿತ್ತಿ ಕಾಸೀಮಬೀ ಪಡಸಾಲೆ ದಾಟಿ ಒಳಗೆ ಬಂದಳು. ಕೂಸಿನ ಕಿವಿಯಲ್ಲಿ ಹೆಸರು ಹೇಳಿದವಳೂ ಅವಳೇ. ಯಾರೂ ನನಗೆ ಹೇಳಿಕೊಟ್ಟದ್ದಲ್ಲ, ನಾನೇ ಮಾಡಿಸಿದ್ದು. ಇಷ್ಟನ್ನು ಮೊದಲೇ ಬರೆದುಬಿಟ್ಟಿದ್ದೇನೆ. ಉಳಿದದ್ದನ್ನು ಸಿಟ್ಟು ಇಳಿದ ಮೇಲೆ ಓದಿದರೂ ನಡೆದೀತು.

ಕೂಸನ್ನು ಕಾಸೀಮಬೀಗೆ ತೌಡಿಗೆ ಮಾರಿದ ಸುದ್ದಿ ನಾನು ತಿಳಿಸಿದ್ದಕ್ಕೆ, ತೌಡಿಗೆ ಕೂಸು ಮಾರುವುದು ಮೂಢರ ಆಟ, ಪರಮತದವಳ ಕೈಯಿಂದ ಹೆಸರಿಡಿಸಿದರೆ ಆ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದು ನೀವು ಬರೆದಿರಿ. ಕಾಲೇಜು ಓದಿದ ಹೆಂಡತಿ ತಲೆದೂಗುತ್ತಾಳೆಂದು ನಂಬಿದ್ದಿರಿ. ಓದಿದವಳು ತಿರುಗಿ ಪ್ರಶ್ನೆ ಕೇಳುತ್ತಾಳೆಂಬುದು ನಿಮಗೆ ಹೊಳೆಯಲಿಲ್ಲ.

ಕೂಸು ಹುಟ್ಟಿದ ದಿನ ನೀವು ಇರಲಿಲ್ಲ. ನಿಮಗೆ ಬಂದ ತಾರಿನಲ್ಲಿ ‘ತಾಯಿ ಮಗು ಕ್ಷೇಮ’ ಎಂದಷ್ಟೇ ಇತ್ತು. ಹುಟ್ಟಿದ ಕೂಸು ಅಳಲೇ ಇಲ್ಲವೆಂದು ಯಾರೂ ಬರೆಯಲಿಲ್ಲ, ನಾನೂ ಬರೆಯಲಿಲ್ಲ. ಮೈಯೆಲ್ಲ ನೀಲಿಗಟ್ಟಿತ್ತು. ಅತ್ತೆಯವರು ಗೋಡೆಗೆ ಮುಖ ಮಾಡಿ ನಿಂತುಬಿಟ್ಟರು. ಯಲಬುರ್ಗಿ ತಾಲೂಕಿನ ಮಂಗಳೂರಿನಲ್ಲಿ, ನನ್ನ ತವರಿನ ಹಿತ್ತಲಾಚೆ ನಮ್ಮ ಮೊದಲನೆಯವನನ್ನು ಮಣ್ಣು ಮಾಡಿ ಇನ್ನೂ ಎರಡು ವರ್ಷವಾಗಿಲ್ಲ. ಇದೂ ಅವನ ಹಿಂದೆಯೇ ಹೊರಟಿತು ಎಂದುಕೊಂಡೆ. ಕಾಸೀಮಬೀ ಒಬ್ಬಳೇ ಕೈ ಬಿಡಲಿಲ್ಲ. ಕೂಸನ್ನು ತಲೆಕೆಳಗು ಹಿಡಿದು ಬೆನ್ನು ತಟ್ಟಿದಳು. ಅದರ ಬಾಯಿಗೆ ಬಾಯಿಟ್ಟು ಹೀರಿ ಉಗುಳಿದಳು. ಬಿಸ್ಮಿಲ್ಲಾ ಎಂದು ಊದಿದಳು, ಮತ್ತೆ ಊದಿದಳು. ‘ಅಳ ನನ್ನವ್ವಾ, ಅತ್ತರ ನಿಮ್ಮಪ್ಪನ ಗಂಟೇನು ಹೋಗ್ತೈತಿ, ಅಳ!’ ಎಂದು ಬೈದಳು. ಕೂಸು ಅತ್ತಿತು.

ಅತ್ತೆಯವರು ಓಡಿಹೋಗಿ ಕಾಳು ಕೇರುವ ಮರ ತಂದರು. ಪದ್ಧತಿ ನಿಮಗೆ ಮರೆತಿದ್ದರೆ ಹೇಳುತ್ತೇನೆ. ಒಂದು ಕೂಸು ಹೋದ ಮನೆಯಲ್ಲಿ ಮುಂದಿನದನ್ನು ಮರದಲ್ಲಿ ಮಲಗಿಸಿ ಬೇರೆಯವರಿಗೆ ತೌಡಿಗೆ ಮಾರಬೇಕು. ಸಾವು ಬಂದು ಕೇಳಿದರೆ ಇದು ನಮ್ಮದಲ್ಲ ಎನ್ನಬೇಕು. ತೊಟ್ಟಿಲ ದಿನ ಅದೇ ತೌಡನ್ನು ಕೊಂಡವಳ ಉಡಿಗೆ ಹಾಕಿ ಕೂಸನ್ನು ಬಿಡಿಸಿಕೊಳ್ಳಬೇಕು. ಅಲ್ಲಿಯವರೆಗೆ ಹೆಸರಿಡುವ ಹಕ್ಕು ಕೊಂಡವಳದು. ಕಾಸೀಮಬೀ ತನ್ನ ಆಡಿಗೆಂದು ತಂದು ಬಾಗಿಲ ಹೊರಗಿಟ್ಟಿದ್ದ ತೌಡಿನ ಗಂಟನ್ನೇ ಬಿಚ್ಚಿದಳು. ‘ಮಾರಿದೇನ ವಿರೂಪಾಕ್ಷವ್ವಾ?’ ‘ಮಾರಿದೆ.’ ‘ಕೂಸು ಯಾರ್ದು?’ ‘ನಿಂದು.’ ನಿಮ್ಮ ತಾಯಿ ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ‘ಹಂಗಾರ ನನ್ನ ಕೂಸಿಗೆ ಸಾಹುಕಾರ ಪಕ್ಕೀರಪ್ಪನ ಹೆಸರು. ಆತನೂ ಫಕೀರನ ಹರಕಿಲೇ ಉಳದಾತ’ ಎಂದು ಅವಳು ಅಲ್ಲೇ ಹೇಳಿದಳು.

ಹೌದು, ತೀರಿಹೋದ ನಮ್ಮ ಮಾವನವರ ಹೆಸರು. ನೀವು ‘ಪ. ಅಂದಪ್ಪ’ ಎಂದು ಸಹಿ ಹಾಕುತ್ತೀರಲ್ಲ, ಆ ‘ಪ’ ಯಾರು? ಅವರ ತಾಯಿ ದರ್ಗಾದಲ್ಲಿ ಸಕ್ಕರೆ ಓದಿಸಿ ಉಳಿಸಿಕೊಂಡ ಮಗ ಬದುಕಿದ, ಅಂಗಡಿ ಹಾಕಿದ, ನಿಮ್ಮನ್ನು ವಕೀಲಿ ಓದಲು ಹೈದರಾಬಾದಿಗೆ ಕಳಿಸಿದ. ಆ ಹೆಸರು ನಾಚಿಕೆಯೆನಿಸಿದರೆ ಮೊದಲು ಅಂಗಡಿಯ ಮೇಲಿನ ಅವರ ಹೆಸರಿನ ಹಲಗೆ ಇಳಿಸಿರಿ, ಆಮೇಲೆ ತೊಟ್ಟಿಲ ಹತ್ತಿರ ಬರ್ರಿ.

ಶನಿವಾರ ನಿಮ್ಮ ಕಾಗದವನ್ನು ಅತ್ತೆಯವರಿಗೆ ಓದಿ ಹೇಳಿದೆ. ‘ಮಗಾ ಬರೂದಿಲ್ಲಂದ್ರ ಹೆಂಗವ್ವಾ? ಕಾಸೀಮಬೀಗಿ ಹೊರಗಿಂದ್ಹೊರಗ ಒಂದು ಸೀರಿ ಕೊಟ್ಟು ಕಳಿಸೂಣು’ ಎಂದರು. ‘ಹಂಗಾರ ಕೂಸು ಇನ್ನೂ ಆಕಿದ ಐತಿರಿ ಅತ್ತಿ. ಮಂದಿ ಕೂಸನ್ನ ನಮ್ಮ ತೊಟ್ಟಿಲಿಗೆ ಹ್ಯಾಂಗ ಹಾಕ್ತೀರಿ?’ ಎಂದೆ. ‘ಕಾಲೇಜಿನ್ಯಾಗ ನಿನಗೂ ವಕೀಲಕಿ ಕಲಿಸ್ಯಾರೇನ?’ ಎಂದು ನನ್ನನ್ನು ಬೈದು, ಎಲೆ ಅಡಿಕೆ ಹಿಡಿದು ಕಾಸೀಮಬೀಯನ್ನು ಕರೆಯಲು ತಾವೇ ಹೊರಟರು. ಮಗನಿಗಿಂತ ಮೊಮ್ಮಗಳ ಜೀವದ ಭಯ ದೊಡ್ಡದಾಯಿತು. ನನಗೂ ಅಷ್ಟೇ.

ನಿನ್ನೆ ಮಠದ ಅಯ್ಯನವರು ಬಂದು ಕೂಸಿಗೆ ಲಿಂಗ ಕಟ್ಟಿದರು. ಕೊರಳಲ್ಲಿ ಮೊದಲೇ ಇದ್ದ ಕಾಸೀಮಬೀಯ ಕರಿದಾರವನ್ನು ಬಿಚ್ಚಬೇಕೇ ಎಂದು ಯಾರೋ ಕೇಳಿದರು. ‘ಇರ್ಲಿ ಬಿಡ್ರಿ, ಎರಡು ಹಗ್ಗ ಕಟ್ಟಿದ ಕರಾ ಅಷ್ಟ ಲಗೂ ಓಡೂದಿಲ್ಲ’ ಎಂದು ಅಯ್ಯನವರು ನಕ್ಕರು. ಕಾಸೀಮಬೀ ಬಗ್ಗಿ ಕೂಸಿನ ಕಿವಿಯಲ್ಲಿ ಕುರ್‍ರ್ ಎಂದು ಹೆಸರು ಹೇಳುವಾಗ ಹೆಂಗಸರೆಲ್ಲ ಸೇರಿ ಪದ್ಧತಿಯಂತೆ ಅವಳ ಬೆನ್ನು ಗುದ್ದಿದರು. ‘ಬೆನ್ನು ಮುರದೀರಿ ನನ್ನವ್ವಗೋಳ್ರಾ, ಮುಂದ ನಿಮ್ಮನ್ನ ಯಾರು ಹಡಸ್ತಾರ?’ ಎಂದು ಕೂಗಿದಳು. ಈ ಮನೆಯಲ್ಲಿ ಅಷ್ಟು ನಗೆ ಕೇಳಿ ಎಷ್ಟು ಕಾಲವಾಗಿತ್ತು!

ಹೈದರಾಬಾದಿನ ಹಾಸ್ಟೆಲಿನಲ್ಲಿ ಒಮ್ಮೆ ನಮ್ಮ ಕೋಣೆಯಲ್ಲಿ ಜಗಳವಾಗಿತ್ತು. ಹುಟ್ಟಿದ ಕೂಡಲೇ ಕಿವಿಯಲ್ಲಿ ಆಜಾನ್ ಹೇಳಬೇಕೆಂದಳು ಗೌಸಬೀ. ಮೆದಕಿನ ಕ್ರೈಸ್ತ ಹುಡುಗಿ ನೆತ್ತಿಗೆ ನೀರು ಹಾಕಬೇಕೆಂದಳು. ಬ್ರಾಹ್ಮಣರ ಹುಡುಗಿ ನಾಲಿಗೆಗೆ ಜೇನು ತುಪ್ಪ ಎಂದಳು. ಕೊರಳಿಗೆ ಲಿಂಗ ಎಂದು ನಾನು ಪಟ್ಟು ಹಿಡಿದೆ. ಒಬ್ಬರೂ ಸೋಲಲಿಲ್ಲ. ಆಗ ನಮ್ಮಲ್ಲಿ ಯಾರೂ ಹಡೆದವರಿರಲಿಲ್ಲ. ಈಗ ತಿಳಿಯುತ್ತದೆ, ಎಲ್ಲರೂ ಹೆದರಿದವರೇ. ಬಂದ ದಾರಿಯಲ್ಲೇ ಕೂಸು ಹೊರಟುಬಿಡದಿರಲೆಂದು ಒಬ್ಬರು ಕಿವಿ ಹಿಡಿದುಕೊಳ್ಳುತ್ತಾರೆ, ಒಬ್ಬರು ನಾಲಿಗೆ, ಒಬ್ಬರು ಕೊರಳು. ನನ್ನ ಕೂಸನ್ನು ಉಸಿರು ಹಿಡಿದು ನಿಲ್ಲಿಸಿದವಳು ಕಾಸೀಮಬೀ. ಅವಳನ್ನು ಹೊರಗೆ ನಿಲ್ಲಿಸಿ ಒಳಗೆ ಹಾಡು ಹೇಳಿಸಲು ನನ್ನಿಂದಾಗದು. ಇದೆಲ್ಲ ಸುಳ್ಳೆನ್ನುವುದಾದರೆ ಪಕ್ಕೀರವ್ವ ಎಂಬುದು ಬರಿಯ ಸದ್ದು, ಅದಕ್ಕೆ ನೀವೇಕೆ ಅಂಜಬೇಕು? ನಿಜವೆನ್ನುವುದಾದರೆ ನಿನ್ನೆಯವರೆಗೆ ಕೂಸು ನಿಮ್ಮದಾಗಿರಲಿಲ್ಲ, ಹೆಸರಿಡಲು ನೀವು ಯಾರು? ನಿಮ್ಮ ಕೋರ್ಟಿನಲ್ಲಿ ಇದಕ್ಕೆ ಉತ್ತರ ಸಿಕ್ಕರೆ ಬರೆಯಿರಿ.

ನನಗೆ ನಿದ್ದೆ ಎಂಬುದಿಲ್ಲ. ಕೂಸಿನ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡುತ್ತೇನೆ, ತೆಗೆಯುತ್ತೇನೆ, ಮತ್ತೆ ಇಡುತ್ತೇನೆ. ಈ ಕಾಗದವನ್ನೂ ಹಾಗೆಯೇ ನಡುನಡುವೆ ಎದ್ದು ಹೋಗಿ ಬರೆದಿದ್ದೇನೆ. ನಿಮ್ಮ ಆಣೆ ನಿಮ್ಮ ಹತ್ತಿರವೇ ಇರಲಿ. ಬರುವುದಾದರೆ ಬರ್ರಿ, ಬಂದರೆ ಪಕ್ಕೀರವ್ವ ಎಂದು ಕರೆದೇ ಎತ್ತಿಕೊಳ್ಳಬೇಕು. ಬಾರದಿದ್ದರೆ ಅವಳೇನೂ ಬೆಳೆಯುವುದನ್ನು ನಿಲ್ಲಿಸುವುದಿಲ್ಲ. ಆದರೆ ನಿಮ್ಮ ಬೆರಳಿಗೂ ಒಮ್ಮೆ ಆ ಉಸಿರು ತಾಗಲಿ ಎಂದು ನನಗೆ ಆಸೆಯಿದೆ.

ಪಕ್ಕೀರವ್ವನ ತಾಯಿ,
ಕಳಕಮ್ಮ

ತಾ.ಕ.: ಕೂಸು ಮಾರಿದಂದು ಮಡಕೆಯಲ್ಲಿ ಎತ್ತಿಟ್ಟಿದ್ದ ತೌಡನ್ನೆಲ್ಲ ನಿನ್ನೆ ಕಾಸೀಮಬೀಯ ಉಡಿಗೆ ಸುರಿದೆವೆಂದು ಅತ್ತೆಯವರು ತಿಳಿದಿದ್ದಾರೆ. ಅದಕ್ಕೂ ಮೊದಲೇ ನಾನು ಒಂದು ಹಿಡಿ ತೆಗೆದು ಕೂಸಿನ ದಿಂಬಿನಲ್ಲಿಟ್ಟು ಹೊಲಿದಿದ್ದೇನೆ. ಕಾಸೀಮಬೀಗೆ ಗೊತ್ತು, ಈಗ ನಿಮಗೆ. ನಾನು ಓದಿದವಳು, ಇದರಲ್ಲಿ ಏನೂ ಇಲ್ಲವೆಂದು ಬಲ್ಲೆ. ಆದರೂ ಆ ಒಂದು ಹಿಡಿಯಷ್ಟು ಅವಳು ಇನ್ನೂ ನಮ್ಮವಳಲ್ಲ ಎಂದೇ ಇರಲಿ. ನೀವು ಬಂದಾಗ ದಿಂಬು ಬಿಚ್ಚಬೇಡಿರಿ.