ಪೇಟೆಯಲ್ಲಿ ಕೂಗಿದ ಹೆಸರು

ಡಿಸೆಂಬರ್ 4, ಬುಧವಾರ. ಬೆಳಿಗ್ಗೆ

ಚಹಾ ಆಯಿತು. ಒಲೆ ಸಣ್ಣದು, ಪಾತ್ರೆ ದೊಡ್ಡದು — ಅರ್ಧ ಚೆಲ್ಲಿತು. ಮನೆಯಾದರೆ ಒರೆಸಿ ಸುಮ್ಮನಾಗಬಹುದು. ಗಾಡಿಯಲ್ಲಿ ಸೀದಾ ಹಾಸಿಗೆಯ ಕೆಳಗೇ ಹರಿಯುತ್ತದೆ. ಮೆಹಬೂಬಸಾಬರು ಟೆಂಪೊದ ಸೀಟು ಕಿತ್ತು, ಮಂಚ, ಗ್ಯಾಸು, ನೀರಿನ ಟಾಕಿ ಕೂಡಿಸಿ ಮನೆ ಮಾಡಿದ್ದಾರೆ. ಟೂರಿಸ್ಟರಿಗೆ ಕೊಡುವ ಗಾಡಿ. ನಮ್ಮ ಯಜಮಾನರ ಹಳೆಯ ಡ್ರೈವರ್ ದೋಸ್ತ, ನಮಗೆ ಸುಮ್ಮನೆ ಕೊಟ್ಟರು.

ಇವರು ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಜನ್ಮವೆಲ್ಲ ಇನ್ನೊಬ್ಬರ ಬೆನ್ನ ಹಿಂದೆ ನಿಂತು ಈಗ ಸ್ಟೇರಿಂಗ್ ಸಿಕ್ಕಿದೆ. ನಾನು "ರೈಟ್" ಅನ್ನುವ ತನಕ ಗಾಡಿ ಬಿಡುವುದಿಲ್ಲವಂತೆ. ರಾಮದುರ್ಗ ಬಿಟ್ಟಾಗಿನಿಂದ ಅನ್ನುತ್ತಲೇ ಇದ್ದೇನೆ.

ಸೋಮವಾರ ಹುಬ್ಬಳ್ಳಿಯಲ್ಲಿ ಇವರ ಆಪರೇಶನ್. ಗಂಟಲಲ್ಲಿ ಗಡ್ಡೆ. ಧ್ವನಿಪೆಟ್ಟಿಗೆ ಪೂರ್ತಿ ತೆಗೆಯುತ್ತಾರೆ. ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ ಅಂದರು ಡಾಕ್ಟರು. ಅಲ್ಲಿಯ ತನಕ ತಿರುಗೋಣ ಅಂದರು ಇವರು. ಬಂದೆವು.

ಮಧ್ಯಾಹ್ನ

ಬೈಲಹೊಂಗಲ. ಇವರು ದಿನಾ ಬರುತ್ತಿದ್ದ ಊರು, ಆದರೆ ಕಂಡದ್ದು ಬಸ್ ಸ್ಟ್ಯಾಂಡು, ಕ್ಯಾಂಟೀನು ಅಷ್ಟೇ. ಚಹಾ ಕುಡಿಯುವುದರೊಳಗೆ ಬಸ್ಸು ಬಿಡುವ ಹೊತ್ತು — ಊರು ಯಾವಾಗ ನೋಡುವುದು? ಇವತ್ತು ಅವಸರವಿಲ್ಲ. ಬೇವಿನ ಗಿಡದ ಕೆಳಗೆ ಗಾಡಿ ನಿಲ್ಲಿಸಿ ನಡೆದೆವು. ಚನ್ನಮ್ಮನ ಸಮಾಧಿಯ ಹತ್ತಿರ ಬಹಳ ಹೊತ್ತು ಕುಳಿತೆವು.

ನಾನು ಗಿರಮಿಟ್ಟು ತಿಂದೆ, ಇವರು ಲಸ್ಸಿ ಕುಡಿದರು. ಬೇರೇನೂ ನುಂಗಲು ಬರುವುದಿಲ್ಲ. ನನಗೂ ತಿನ್ನುವ ಮನಸ್ಸಿರಲಿಲ್ಲ. ಆದರೂ ತಿಂದೆ. ಬಿಟ್ಟರೆ ಬೈಯುತ್ತಾರೆ, ಇದ್ದಷ್ಟು ಧ್ವನಿ ಬೈಗುಳಕ್ಕೆ ಹೋಗುವುದು ಬೇಡ.

ಸಂಜೆ

ಗಾಡಿಯಲ್ಲಿದ್ದೇವೆ. ಇವರು ಮಲಗಿದ್ದಾರೆ. ಇದನ್ನು ಬರೆಯಲೇಬೇಕು.

ಪೇಟೆಯಲ್ಲಿ ಸೀರೆ ನೋಡುತ್ತ ಹಿಂದೆ ಉಳಿದೆ. ತಲೆ ಎತ್ತಿದರೆ ಇವರಿಲ್ಲ. ಜನವೋ ಜನ.

ನಮ್ಮಲ್ಲಿ ಗಂಡ ಹೆಂಡತಿಯನ್ನು ಹೆಸರು ಹಿಡಿದು ಕರೆಯುವುದಿಲ್ಲ. ಮಗಳು ಹುಟ್ಟುವ ತನಕ ನಾನು ಬರೀ "ಏ". ಹುಟ್ಟಿದ ಮೇಲೆ ಅವಳ ಹೆಸರೇ ನನಗೂ. "ಶೀತಲಾ" ಎಂದರೆ ತಾಯಿ ಮಗಳು ಇಬ್ಬರೂ ಓಡಿ ಬರುತ್ತಿದ್ದೆವು.

ಇವತ್ತು ಪೇಟೆಯ ಆ ತುದಿಯಿಂದ ಕೂಗಿದರು. "ಸುಂದರವ್ವಾ... ಏ ಸುಂದರವ್ವಾ..."

ಒಡೆದ ಧ್ವನಿ. ಆದರೂ ಕಂಡಕ್ಟರನ ಕೂಗು, ತುಂಬಿದ ಬಸ್ಸಿನ ಹಿಂದಿನ ಸೀಟಿಗೆ ಮುಟ್ಟುವಂಥದ್ದು. ಅಂಗಡಿಯವನು ತಿರುಗಿ ನೋಡಿದ. ಕಾಯಿಪಲ್ಲೆ ಮಾರುವ ಹೆಣ್ಣುಮಕ್ಕಳು ನಕ್ಕರು. ಮಾನ ಹೋದಂತಾಯಿತು. ಓಡಿಹೋಗಿ ತೋಳು ಹಿಡಿದೆ.

"ಬಾಯಿ ಮುಚ್ಚರಿ. ಮಂದಿ ನೋಡಾಕತ್ತಾರ."

ಮುಚ್ಚಿದರು. ಗಾಡಿಯ ತನಕ ನಡೆದೆವು. ಒಳಗೆ ಬಂದ ಮೇಲೆ ಮೆಲ್ಲಗೆ ಅಂದರು —

"ಒಮ್ಮೆನೂ ಕರದಿದ್ದಿಲ್ಲ. ಇನ್ನ ಕರಿಯಾಕ ಆಗಂಗಿಲ್ಲಲ್ಲ... ಅದಕ್ಕ ಕರದೆ."

ಬೇಕಂತಲೇ ನನ್ನನ್ನು ಹಿಂದೆ ಬಿಟ್ಟು ಹೋಗಿದ್ದರಂತೆ.

ನನ್ನ ಬುದ್ಧಿಗೆ ಏನನ್ನಲಿ. ಇಷ್ಟು ವರ್ಷದ ಮೇಲೆ ಕರೆದರು, ನಾನು ಬಾಯಿ ಮುಚ್ಚಿಸಿದೆ. ಮತ್ತೊಮ್ಮೆ ಕರೆಯಿರಿ ಅನ್ನಬೇಕು, ಬಾಯಿ ಬರುತ್ತಿಲ್ಲ. ಈ ವಯಸ್ಸಿನಲ್ಲಿ ನಾಚಿಕೆ! ನಾಳೆ ಕಿತ್ತೂರು. ಬೆಳಿಗ್ಗೆ ಕೋಟೆಯಲ್ಲಿ ಯಾರೂ ಇರುವುದಿಲ್ಲ. ಅಲ್ಲಿ ಕೇಳುತ್ತೇನೆ. ಮೊಬೈಲಿನಲ್ಲಿ ರೆಕಾರ್ಡ್ ಕೂಡ ಮಾಡಿಕೊಳ್ಳುತ್ತೇನೆ.

ಡಿಸೆಂಬರ್ 5

ಕಿತ್ತೂರಿಗೆ ಹೋಗಲಿಲ್ಲ.

ಚಹಾಕ್ಕೆ ಇಟ್ಟಿದ್ದೆ. ಇವರಿಗೆ ಕೆಮ್ಮು ಬಂತು, ರಕ್ತ ಬಂತು, ಉಸಿರು ಕಟ್ಟಿತು. ಹುಬ್ಬಳ್ಳಿಗೆ ಒಯ್ಯುವಾಗ ಆಂಬುಲೆನ್ಸಿನಲ್ಲಿ ನನ್ನ ಕೈ ಹಿಡಿದು ಏನೋ ಹೇಳಲು ನೋಡಿದರು. ಮಾತಾಡಬೇಡಿ ಅಂದೆ. ಮತ್ತೆ ನಾನೇ ಬಾಯಿ ಮುಚ್ಚಿಸಿದೆ.

ಸೋಮವಾರದ ತನಕ ಕಾಯುವಂತಿಲ್ಲವಂತೆ. ಆಪರೇಶನ್ನಿಗೆ ಒಳಗೆ ಒಯ್ದಿದ್ದಾರೆ.

ಡಿಸೆಂಬರ್ 13

ಐಸಿಯುದಿಂದ ವಾರ್ಡಿಗೆ ತಂದರು. ಕೊರಳಲ್ಲಿ ತೂತು, ಅದರಲ್ಲೇ ಉಸಿರು.

ಮೆಹಬೂಬಸಾಬರು ಬಂದಿದ್ದರು. "ವಿರೂಪಾಕ್ಷಪ್ಪಾ" ಅಂದವರು ಇವರ ಕಾಲು ನೇವರಿಸುತ್ತ ಕುಳಿತರು. ಬೈಲಹೊಂಗಲದಿಂದ ಗಾಡಿ ತಂದರಂತೆ. ಒಲೆಯ ಮೇಲೆ ಚಹಾ ಹಾಗೇ ಇತ್ತಂತೆ.

ಶೀತಲ ತನ್ನ ಮಗನ ಪಾಟಿ ತಂದಿದ್ದಾಳೆ, ಬೇಕಾದದ್ದನ್ನು ಬರೆದು ತೋರಿಸಲಿ ಎಂದು. ಇವರು ಮೊದಲು ಬರೆದದ್ದು — "ಊಟ ಮಾಡಿದಿಯೇನು?" ಹೊರಗೆ ಹೋಗಿ ಅತ್ತೆ.

ಡಿಸೆಂಬರ್ 16, ಮಧ್ಯಾಹ್ನ

ಪೇಷಂಟರನ್ನು ನೋಡಲು ಬಿಡುವ ಹೊತ್ತು. ವಾರ್ಡಿನ ತುಂಬ ಮಂದಿ. ನಾನು ನೀರು ತರಲು ಹೋಗಿದ್ದೆ. ತಿರುಗಿ ಬಂದರೆ ಇವರು ಎದ್ದು ಕುಳಿತು ಗದ್ದಲದಲ್ಲಿ ನನ್ನನ್ನೇ ಹುಡುಕುತ್ತಿದ್ದಾರೆ. ಪಾಟಿ ಪಕ್ಕದಲ್ಲೇ ಇತ್ತು, ಮುಟ್ಟಲಿಲ್ಲ. ತುಟಿ ದುಂಡಗಾಯಿತು, ಆಮೇಲೆ ಬಾಯಿ ತೆರೆಯಿತು. ಸಪ್ಪಳವಿಲ್ಲ. ಮತ್ತೆ ಹಾಗೆಯೇ... ಗೊತ್ತಾಯಿತು ನನಗೆ.

ಬಾಗಿಲಲ್ಲಿ ನಿಂತೇ "ಓ" ಅಂದೆ. ಇಡೀ ವಾರ್ಡಿಗೆ ಕೇಳುವ ಹಾಗೆ. ಎಲ್ಲರೂ ತಿರುಗಿ ನೋಡಿದರು. ನೋಡಲಿ. ಇವರು ಮತ್ತೆ ತುಟಿ ಅಲುಗಿಸಿದರು. ನಾನು ಮತ್ತೆ "ಓ" ಅಂದೆ.